ಬೇಸಿಗೆ ಕಲ್ಲಿನ ಮೇಲೆ ಚಳಿಗಾಲದ ಮನೆ

ಸ್ಕಾರ್‌ದಾಲ್ ಕಣಿವೆಯಲ್ಲಿ ಬೆಟ್ಟಮನೆ ಕಟ್ಟಿಸಬೇಕೆಂದವರು ಈಗಲೂ ಮೊದಲು ಹೋಗುವುದು ಓಸ್ಮುಂಡನ ಅಂಗಳಕ್ಕೇ. ಅವನು ಕೊಡಲಿ ಕೆಳಗಿಟ್ಟು ಎಷ್ಟೋ ವರ್ಷವಾಯಿತು, ಆದರೂ ಹೋಗುತ್ತಾರೆ. ಹೋದವರಿಗೆ ಕಾಫಿ ಸಿಗುತ್ತದೆ, ಕಂದು ಚೀಸಿನ ಚೂರು ಸಿಗುತ್ತದೆ, ಆಮೇಲೆ ಒಂದು ಪ್ರಶ್ನೆ ಸಿಗುತ್ತದೆ.

"ಆ ಜಾಗದಲ್ಲಿ ಚಳಿಗಾಲದಲ್ಲಿ ಯಾರಾದ್ರೂ ಇದ್ದದ್ದುಂಟಾ?"

ಉಂಟು ಎಂದವರ ಜೊತೆ ಇನ್ನೊಂದು ಲೋಟ ಕಾಫಿಯಷ್ಟು ಹೊತ್ತು ಮಾತಾಡುತ್ತಾನೆ. ಗೊತ್ತಿಲ್ಲ ಎಂದವರ ಮುಂದಿನಿಂದ ಲೋಟ ಎತ್ತಿಕೊಂಡು ತೊಳೆಯಲು ಹೊರಟುಬಿಡುತ್ತಾನೆ. ಮಾತು ಮುಗಿಯಿತೆಂದು ಬಂದವರೇ ತಿಳಿದುಕೊಳ್ಳಬೇಕು.

ಅವನ ಅಪ್ಪ ದೊಡ್ಡ ಕೊಟ್ಟಿಗೆಗಳನ್ನೂ ಹುಲ್ಲಿನ ಅಟ್ಟಗಳನ್ನೂ ಕಟ್ಟುತ್ತಿದ್ದ ಬಡಗಿ. ಮಗನ ಮನಸ್ಸು ಮಾತ್ರ ಚಿಕ್ಕದರ ಮೇಲೆ. ಊರಿನಿಂದ ಮೇಲೆ, ಮರಗಳು ಮುಗಿದು ಬರೀ ಬಿಳುಪು ಶುರುವಾಗುವಲ್ಲಿ, ಸ್ಕೀ ಕಟ್ಟಿಕೊಂಡು ಹತ್ತಿ ಬಂದವರು ಒಂದೆರಡು ದಿನ ಇದ್ದು ಹೋಗುವ ಒಂದೇ ಕೋಣೆಯ ಮನೆಗಳು ಅವನಿಗೆ ಇಷ್ಟ. ದೊಡ್ಡ ಮನೆಯಲ್ಲಿ ಬಡಗಿಯ ತಪ್ಪು ಎಲ್ಲೋ ಮೂಲೆಯಲ್ಲಿ ಅಡಗಿ ಕೂರುತ್ತದೆ, ಚಿಕ್ಕ ಮನೆಯಲ್ಲಿ ದಿನಾ ಮೊಣಕೈಗೆ ತಾಗುತ್ತದೆ ಎಂದು ಅವನು ಹೇಳುತ್ತಿದ್ದುದನ್ನು ಕೇಳಿದವರಿದ್ದಾರೆ. ಹಾಗೆ ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು.

ಜಂಬಕ್ಕೆ ಕಾರಣವಿತ್ತು. ಅವನು ಕಟ್ಟಿದ ಮನೆಯ ಬಾಗಿಲು ಒಳಕ್ಕೆ ತೆರೆಯುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿಗೆ ರಾತ್ರಿ ಬಿದ್ದ ಹಿಮವೇ ಹೊರಗಿನಿಂದ ಅಗುಳಿ ಹಾಕಿಬಿಡುತ್ತದೆ. ಆ ಬಾಗಿಲೂ ಮೇಲೊಂದು ಕೆಳಗೊಂದು ಎರಡು ತುಂಡು, ಕೆಳಗಿನದು ಹೂತುಹೋದರೆ ಮೇಲಿನದರಿಂದ ನುಸುಳಬಹುದು. ಸಲಿಕೆ ನೇತುಹಾಕುವ ಮೊಳೆ ಹೊರಗೆ, ಸೂರಿನ ಅಡಿಯಲ್ಲಿ. ಹೊಸ್ತಿಲು ದಾಟಿದರೆ ತಗ್ಗಿನಲ್ಲೊಂದು ಪುಟ್ಟ ಮೊಗಸಾಲೆ, ಅಲ್ಲಿ ಸ್ಕೀ, ಸೌದೆ ಮತ್ತು ಚಳಿ. ಚಳಿ ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲೇ ನಿಂತುಕೊಳ್ಳುತ್ತದೆ. ಎರಡು ಮೆಟ್ಟಿಲು ಮೇಲೆ ಕೋಣೆ, ನಡುವೆ ಬೀಡುಕಬ್ಬಿಣದ ಒಲೆ, ಅದರ ಸುತ್ತ ಎತ್ತರದ ಮಂಚಗಳು. ಬಡಗಣ ಗೋಡೆಗೆ ಕೈಯಗಲದ ಕಿಟಕಿ, ತೆಂಕಣ ಗೋಡೆಗೆ ಇಡೀ ಬಿಸಿಲು ಹಿಡಿಯುವ ಕಿಟಕಿ. ದಿಮ್ಮಿಗಳ ಸಂದಿಗೆ ಗಾಳಿ ನುಗ್ಗದಂತೆ ತುರುಕಿದ ಒಣ ಪಾಚಿ. ಮೂಲೆಯಲ್ಲಿ ದಿಮ್ಮಿ ದಿಮ್ಮಿಯನ್ನು ಕಚ್ಚಿಕೊಂಡ ರೀತಿ ನೋಡಿದರೆ ಇವನ್ನು ಯಾರೂ ಇನ್ನು ಬಿಡಿಸಲಾರರು ಅನ್ನಿಸುತ್ತಿತ್ತು.

ಮನೆಯ ಚಿತ್ರ ಬರೆಯುವ ಮೊದಲು ಅವನು ಜಾಗಕ್ಕೆ ಹೋಗುತ್ತಿದ್ದುದು ನಡುಚಳಿಗಾಲದಲ್ಲಿ, ಗಾಳಿ ಕಿತ್ತು ತಿನ್ನುವ ದಿನವೇ. ಕೋಲುಗಳನ್ನು ನೆಟ್ಟು ಬರುವುದು, ವಾರ ಬಿಟ್ಟು ಮತ್ತೆ ಹೋಗಿ ಯಾವ ಕೋಲು ಮುಳುಗಿದೆ, ಯಾವುದು ಬರಿದಾಗಿ ನಿಂತಿದೆ ಎಂದು ನೋಡುವುದು. ಗಿರಾಕಿಗಳು ಸಿಡಿಮಿಡಿ ಮಾಡುತ್ತಿದ್ದರು. "ಮನೆ ಕಟ್ತೀಯೋ ಕೋಲಿನ ತೋಟ ಮಾಡ್ತೀಯೋ?" ಎಂದರೆ, "ಗಾಳಿಗೆ ಇಷ್ಟ ಇಲ್ಲದ ಕಡೆ ನಾನು ಕಟ್ಟಲ್ಲ" ಅನ್ನುವುದು ಅವನ ಉತ್ತರ.

ಆ ಬೆಟ್ಟಗಳಲ್ಲಿ ಒಂದು ನಡವಳಿಕೆಯಿದೆ. ಬೆಟ್ಟಮನೆಯಿಂದ ಕೊನೆಗೆ ಹೊರಡುವವನು ಮುಂದೆ ಬರುವವನಿಗಾಗಿ ಒಲೆ ಜೋಡಿಸಿಟ್ಟೇ ಹೊರಡಬೇಕು. ಕೆಳಗೆ ಬರ್ಚ್ ಮರದ ತೊಗಟೆ, ಅದರ ಮೇಲೆ ಸುರುಳಿಕಡ್ಡಿ, ಅದರ ಮೇಲೆ ಸಿಗಿದ ಸೌದೆ, ಕೈಗೆ ಸಿಗುವಲ್ಲಿ ಬೆಂಕಿಪೊಟ್ಟಣ. ಬೆರಳು ಮರಗಟ್ಟಿ ಬಂದವನು ಒಂದು ಕಡ್ಡಿ ಗೀರಿದರೆ ಸಾಕು, ಬದುಕಿದ. ಇದರಲ್ಲಿ ಕಷ್ಟದ್ದು ಸುರುಳಿಕಡ್ಡಿ. ಒಣ ಕಡ್ಡಿಯ ತುದಿಯನ್ನು ಚಾಕುವಿನಿಂದ ತೆಳ್ಳಗೆ ಹೆರೆಯುತ್ತ ಹೋಗಬೇಕು, ಹೆರೆದ ಸುರುಳಿ ಕಡ್ಡಿಯಿಂದ ಕಳಚಿ ಬೀಳಕೂಡದು, ಹೂವಿನ ಎಸಳಿನ ಹಾಗೆ ಅಂಟಿಕೊಂಡೇ ಇರಬೇಕು. ಕಣಿವೆಯ ಮಕ್ಕಳು ಓದು ಕಲಿಯುವ ಮೊದಲೇ ಇದನ್ನು ಕಲಿತಿರುತ್ತಾರೆ.

ಓಸ್ಮುಂಡನ ಅಳಿಯ ಪ್ರೆಬೆನ್ ಕಲಿತಿರಲಿಲ್ಲ. ಅವನು ಕಡಲ ತಡಿಯ ಬರ್ಗೆನ್ ಪಟ್ಟಣದವನು, ಔಷಧದಂಗಡಿಯಲ್ಲಿ ಕೆಲಸ, ಮಳೆ ಗೊತ್ತಿತ್ತೇ ಹೊರತು ಹಿಮ ಗೊತ್ತಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಓಸ್ಮುಂಡನಿಗೆ ಉಳಿದಿದ್ದವಳು ಒಬ್ಬಳೇ ಮಗಳು ಯೋರುನ್. ಅವಳು ಪಟ್ಟಣಕ್ಕೆ ಓದಲು ಹೋಗಿ ಇವನನ್ನು ಕಟ್ಟಿಕೊಂಡು ಬಂದಳು. ಹುಡುಗ ಒಳ್ಳೆಯವನೇ. ಆದರೆ ಮೊದಲ ಸಲ ಬೆಟ್ಟಮನೆಯಿಂದ ಹೊರಟಾಗ ತೊಗಟೆಯನ್ನು ಸೌದೆಯ ಮೇಲೆ ಇಟ್ಟು ಬಂದಿದ್ದ. ಎರಡನೆಯ ಸಲ ಸುರುಳಿಕಡ್ಡಿಯನ್ನೇ ಮರೆತಿದ್ದ.

"ಏನಪ್ಪಾ, ಔಷಧದ ಪೊಟ್ಟಣ ಕಟ್ಟೋವಾಗ್ಲೂ ಹೀಗೇನಾ? ಮಾತ್ರೆ ಬಿಟ್ಟು ಬರೀ ಕಾಗದ ಕೊಡ್ತೀಯಾ?" ಎಂದು ಓಸ್ಮುಂಡ್ ಊಟದ ಮೇಜಿನಲ್ಲಿ ಎಲ್ಲರೆದುರೂ ಕೇಳಿದ.

"ಗಿರಾಕಿ ಸತ್ರೆ ದೂರು ಹೇಳೋಕೆ ವಾಪಸ್ ಬರಲ್ವಲ್ಲ ಮಾವ" ಎಂದು ಪ್ರೆಬೆನ್ ನಕ್ಕ. ಎಲ್ಲರೂ ನಕ್ಕರು. ಆದರೆ ಅವನ ಕಿವಿ ಕೆಂಪಾದದ್ದನ್ನು ಯೋರುನ್ ನೋಡಿದಳು. ಆಮೇಲೆ ಪ್ರತಿ ಈಸ್ಟರಿಗೂ, ಪ್ರತಿ ಕ್ರಿಸ್‌ಮಸ್ಸಿಗೂ ಅದೇ ಪೊಟ್ಟಣದ ಮಾತು ಹೊಸ ಹೊಸ ವೇಷದಲ್ಲಿ ಬರುತ್ತಲೇ ಇತ್ತು. ಓಸ್ಮುಂಡನಿಗೆ ಅದು ಪ್ರೀತಿ. ಕೆಣಕದೆ ಪ್ರೀತಿಸುವ ಬಗೆ ಅವನಿಗೆ ಗೊತ್ತೂ ಇರಲಿಲ್ಲ.

ಮಗಳಿಗೆಂದೇ ಒಂದು ಬೆಟ್ಟಮನೆ ಕಟ್ಟಬೇಕೆಂದು ಅವನು ಮನಸ್ಸು ಮಾಡಿದಾಗ ಜಾಗ ಹುಡುಕುವ ಪ್ರಶ್ನೆಯೇ ಏಳಲಿಲ್ಲ. ತನ್ನ ಅಮ್ಮನ ಕಡೆಯವರ ಬೇಸಿಗೆ ದೊಡ್ಡಿ ಇತ್ತಲ್ಲ. ಹಿಂದಿನವರು ಬೇಸಿಗೆಯಲ್ಲಿ ದನ, ಆಡುಗಳನ್ನು ಹೊಡೆದುಕೊಂಡು ಮೇಲೆ ಹೋಗಿ, ಅಲ್ಲೇ ಇದ್ದು, ಹಾಲು ಕಾಯಿಸಿ ಚೀಸು ಮಾಡಿ, ಎಲೆ ಉದುರುವ ಮೊದಲು ಇಳಿಯುತ್ತಿದ್ದ ಜಾಗ. ಮನೆ ಯಾವಾಗಲೋ ಹೋಗಿತ್ತು. ಮೊಣಕಾಲೆತ್ತರದ ಕಲ್ಲಿನ ಪಾಯ ಮಾತ್ರ, ಬೆಟ್ಟದ ಕಾಲಬುಡದಲ್ಲಿ, ತೊರೆಯ ಪಕ್ಕದಲ್ಲಿ, ನಿನ್ನೆ ಇಟ್ಟ ಹಾಗೆ ಕೂತಿತ್ತು.

ಎಲ್ಲರ ಮನೆಗೂ ಕೋಲು ನೆಟ್ಟವನು ಇಲ್ಲಿ ನೆಡಲಿಲ್ಲ. ನೆಡುವುದು ಅವನಿಗೆ ಹೊಳೆಯಲೇ ಇಲ್ಲ. ಅಜ್ಜಿಯ ಅಜ್ಜಿ ಆರಿಸಿದ ಜಾಗ, ಅವಳ ಕೈಯಾರೆ ಇಟ್ಟ ಕಲ್ಲು. ಆ ಕಲ್ಲನ್ನು ಪರೀಕ್ಷೆ ಮಾಡುವುದೆಂದರೆ ಅಜ್ಜಿಯನ್ನು ಕಟಕಟೆಗೆ ನಿಲ್ಲಿಸಿದ ಹಾಗೆ. ಹಳೆಯ ಕಲ್ಲು ಕಂಡರೆ ಕಣಿವೆಯ ಜನ ಟೊಪ್ಪಿ ತೆಗೆಯುತ್ತಾರೆ. ಓಸ್ಮುಂಡನೂ ತೆಗೆದ. ಎರಡು ಬೇಸಿಗೆ ದುಡಿದು ಅದರ ಮೇಲೆ ತನ್ನ ಜೀವಮಾನದ ಅತ್ಯಂತ ಚೆಂದದ ಮನೆ ಎಬ್ಬಿಸಿದ. ಮೊದಲ ಚಳಿಗಾಲ ಹಿಮ ಕಡಿಮೆ, ಏನೂ ಆಗಲಿಲ್ಲ.

ಎರಡನೆಯ ಚಳಿಗಾಲದ ಈಸ್ಟರಿಗೆ ಯೋರುನ್, ಪ್ರೆಬೆನ್ ಇಬ್ಬರೇ ಮೇಲೆ ಹೋದರು. ಹೋದ ಮೇಲೆ ಪಡುವಣ ಗಾಳಿ ಎದ್ದು ಎರಡು ದಿನ ಬಿಡದೆ ಹಿಮ ಸುರಿಯಿತು. ಶುಭ ಶುಕ್ರವಾರ ಬೆಳಿಗ್ಗೆ ಮೋಡ ಹರಿದು, ಕಣ್ಣು ಕುಕ್ಕುವ ಬಿಸಿಲು, ಸೂರಿನಿಂದ ತೊಟ್ಟಿಕ್ಕುವಷ್ಟು ಬೆಚ್ಚಗೆ.

ಅಂದು ಓಸ್ಮುಂಡ್ ಕಿತ್ತಳೆಹಣ್ಣಿನ ಚೀಲ ಹಿಡಿದು ಗುನ್ವೋರ್ ಚಿಕ್ಕಮ್ಮನನ್ನು ನೋಡಲು ಹೋದ. ಅವಳು ಅವನ ಅಮ್ಮನ ಕೊನೆಯ ತಂಗಿ. ಮದುವೆಯಾಗಿ ಕಡಲ ಕಡೆಗೆ ಹೋದವಳು ಮುಪ್ಪಿನಲ್ಲಿ, ಈಚೆಗಷ್ಟೇ, ಕಣಿವೆಗೆ ಮರಳಿದ್ದಳು. ಕಿವಿ ಮಂದ, ನಾಲಿಗೆ ಚುರುಕು. ಕಬ್ಬಿಣದ ಹೆಂಚಿನ ಮೇಲೆ ರೊಟ್ಟಿ ಸುಡುತ್ತ ನಿಂತಿದ್ದಳು. ಅವನು ಹೊಸ ಬೆಟ್ಟಮನೆಯ ಫೋಟೋ ತೋರಿಸಿದ.

"ಅಯ್ಯೋ, ನಮ್ಮ ದೊಡ್ಡಿ!" ಎಂದಳು. "ನಾನು ಹುಡುಗಿಯಾಗಿದ್ದಾಗ ಆಡು ಕಾದದ್ದು ಇಲ್ಲೇ ಕಣೋ. ಚೆನ್ನಾಗಿ ಕಟ್ಟಿದ್ದೀಯ. ನಿಮ್ಮಪ್ಪನಿಗಿಂತ ಮೇಲು. ಈ ಫೋಟೋ ಬೇಸಿಗೇದಾ?"

"ಹೌದು ಚಿಕ್ಕಮ್ಮ. ಈಗ ಯೋರುನ್ ಅಲ್ಲೇ ಇದ್ದಾಳೆ, ಗಂಡನ ಜೊತೆ."

"ಛಾವಣಿ ಇಳಿಸಿಲ್ವಾ?"

"ಛಾವಣಿ ಯಾಕೆ ಇಳಿಸ್ಲಿ?"

"ಯಾಕೆ ಅಂತೀಯಲ್ಲೋ ಬಡಗಿ! ಶರತ್ಕಾಲದಲ್ಲಿ ಇಳಿಯೋವಾಗ ಛಾವಣಿ ಬಿಚ್ಚಿ, ತೊಲೆಗಳನ್ನ ನೆಲಕ್ಕೆ ಮಲಗಿಸಿ, ಮೇಲೆ ಕಲ್ಲು ಹೇರಿ ಬರ್ತಿದ್ವಲ್ಲ. ಗೋಡೆ ಕಲ್ಲಿಂದು, ಗಿಡ್ಡಕ್ಕಿತ್ತು, ಬೆಟ್ಟದಿಂದ ಜಾರಿದ ಹಿಮ ಮೇಲಿಂದ ಹೊರಟುಹೋಗ್ತಿತ್ತು. ಒಂದು ವರ್ಷ ನಮ್ಮಪ್ಪ ಸೋಮಾರಿತನ ಮಾಡಿ ಬಿಟ್ಟು ಬಂದ. ಬೇಸಿಗೆಗೆ ಹೋಗಿ ನೋಡಿದ್ರೆ ಛಾವಣಿ ತೊರೆ ಆಚೆ ದಡದಲ್ಲಿ ಕೂತಿತ್ತು! ನಮ್ಮಮ್ಮ ಎಷ್ಟು ಬೈದ್ಳು ಅಂದ್ರೆ..." ಅವಳು ನಗತೊಡಗಿದಳು. ನಗುತ್ತ ರೊಟ್ಟಿ ಮಗುಚಿದಳು. ತಿರುಗಿ ನೋಡಿದಾಗ ಕುರ್ಚಿ ಖಾಲಿಯಾಗಿತ್ತು, ಕಿತ್ತಳೆ ಚೀಲ ನೆಲದ ಮೇಲಿತ್ತು.

ಬೇಸಿಗೆಯ ಜಾಗ. ಬೇಸಿಗೆಯಲ್ಲಿ ಮಾತ್ರ ಮನುಷ್ಯರಿದ್ದ ಜಾಗ. ಚಳಿಗಾಲದಲ್ಲಿ ಅಲ್ಲೇನು ನಡೆಯುತ್ತದೆಂದು ನೋಡಿದವರಿಲ್ಲ, ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಹಸಿರು ಹುಲ್ಲು. ಸ್ಕೀ ತಳ್ಳುತ್ತ ಹತ್ತುವಾಗ ಓಸ್ಮುಂಡನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಕಾಡು ಮುಗಿದು ಬಯಲಿಗೆ ಬಂದಾಗ ತಲೆಯೆತ್ತಿ ನೋಡಿದ. ದೊಡ್ಡಿಯ ನೆತ್ತಿಯ ಮೇಲಿನ ಇಳಿಜಾರು ನೆಟ್ಟಗೆ, ನುಣ್ಣಗೆ, ಎರಡು ದಿನದ ಗಾಳಿ ತಂದು ತುಂಬಿದ ಹಿಮದಿಂದ ಉಬ್ಬಿ ನಿಂತಿತ್ತು. ಅದರ ಮೇಲೆ ಬಿಸಿಲು. ಅಡಿಯಲ್ಲಿ ಬೆಂಕಿಪೊಟ್ಟಣದಷ್ಟು ಅವನ ಮನೆ, ಅದರ ಕೊಳವೆಯಿಂದ ಎಳೆ ಹೊಗೆ.

ಅವನು ಮನೆ ಮುಟ್ಟಿದಾಗ ಯೋರುನ್, ಪ್ರೆಬೆನ್ ಇಬ್ಬರೂ ತೆಂಕಣ ಗೋಡೆಗೆ ಒರಗಿ, ಅಂಗಿ ತೋಳು ಮಡಚಿ, ಕಿತ್ತಳೆ ಸುಲಿಯುತ್ತಿದ್ದರು.

"ಅಪ್ಪಾ! ಏನಿದು, ಯಾರೋ ಬೆನ್ನಟ್ಟಿಕೊಂಡು ಬಂದ್ರು ಅನ್ನೋ ಹಾಗೆ!" ಎಂದಳು ಯೋರುನ್.

"ಒಲೆ ಪರೀಕ್ಷೆಗೆ ಬಂದಿದ್ದಾರೆ. ಬನ್ನಿ ಮಾವ, ಒಳಗೆ ಹೋಗಿ ನೋಡಿ, ಉರೀತಾನೇ ಇದೆ" ಎಂದ ಪ್ರೆಬೆನ್.

ಓಸ್ಮುಂಡ್ ಬಾಯಿ ತೆರೆದ. ಜಾಗ ತಪ್ಪಾಯಿತು, ನಾನು ನೋಡದೆ ಕಟ್ಟಿದೆ, ಈಗಿಂದೀಗಲೇ ಓಡಿ ಎನ್ನಬೇಕು. ಅಷ್ಟೇ. ಕಣಿವೆಯ ತುಂಬ ಬೇರೆಯವರ ಜಾಗಕ್ಕೆ ಕೋಲು ನೆಟ್ಟವನು, ಊಟದ ಮೇಜಿನಲ್ಲಿ ಈ ಹುಡುಗನ ತೊಗಟೆ ಲೆಕ್ಕ ಹಿಡಿದವನು, ಅದನ್ನು ಇವನೆದುರು ಹೇಳಬೇಕು. ಬಾಯಿಗೆ ಬೇರೆ ಮಾತು ಬಂತು.

"ಗುನ್ವೋರ್ ಚಿಕ್ಕಮ್ಮನಿಗೆ ಕಾಯಿಲೆ ಜೋರಾಗಿದೆ. ನಿನ್ನನ್ನೇ ಕೇಳ್ತಿದ್ದಾಳೆ. ಹೊರಡಿ, ಇಬ್ರೂ, ಈಗ್ಲೇ."

ಯೋರುನ್ ಮುಖ ಬಾಡಿತು. ಒಳಗೆ ಓಡಿ ಚೀಲ ತುಂಬಿಕೊಂಡು ಬಂದಳು. ಪ್ರೆಬೆನ್ ಎದ್ದು ಕೈ ಒರೆಸಿಕೊಂಡ.

"ನೀವಿಬ್ರೂ ಮುಂದೆ ಹೋಗಿ. ನಾನು ಕೆಂಡ ಆರಿಸಿ, ಒಲೆ ಜೋಡಿಸಿ, ಕಿಟಕಿ ಹಲಗೆ ಹಾಕ್ಕೊಂಡು ಹಿಂದೇನೇ ಬರ್ತೀನಿ. ಇಳಿಜಾರಲ್ವಾ, ತೊರೆ ತಿರುವಲ್ಲೇ ಹಿಡ್ಕೋತೀನಿ."

"ಬೇಡ. ಇವತ್ತು ಹಾಗೇ ಬಿಡು" ಎಂದ ಓಸ್ಮುಂಡ್.

ಪ್ರೆಬೆನ್ ಹೆಂಡತಿಯ ಮುಖ ನೋಡಿದ. "ಕೇಳಿದ್ಯಾ? ಯಾರ ಬಾಯಲ್ಲಿ ಬಂತು ಅಂತ! ನಾನು ಹಾಗೇ ಬಿಟ್ಟು ಬರ್ಬೇಕು, ಇವರು ಕ್ರಿಸ್‌ಮಸ್‌ವರೆಗೂ ಅದನ್ನೇ ಹಾಡ್ಬೇಕು. ಈ ಬಲೆಗೆ ನಾನು ಬೀಳಲ್ಲ ಮಾವ."

"ಬಲೆ ಅಲ್ವೋ. ಬಾ ಅಂದ್ರೆ ಬಾ."

"ಬಂದೆ ಅಂದ್ನಲ್ಲ. ಬೇಗ ಮುಗಿಸ್ತೀನಿ. ನೀವು ಅವಳನ್ನ ಕರ್ಕೊಂಡು ನಡೀರಿ, ಅಲ್ಲಿ ಅಜ್ಜಿ ಕಾಯ್ತಿದ್ದಾರೆ."

ತಾನೇ ಹೇಳಿದ ಸುಳ್ಳು ಈಗ ತನ್ನ ತೋಳನ್ನೇ ಹಿಡಿದು ಎಳೆಯುತ್ತಿತ್ತು. ಯೋರುನ್ ಆಗಲೇ ಸ್ಕೀ ಕಟ್ಟಿ ಹೊರಟಿದ್ದಳು. ಓಸ್ಮುಂಡ್ ಒಮ್ಮೆ ಇಳಿಜಾರನ್ನು ನೋಡಿದ, ಒಮ್ಮೆ ಅಳಿಯನನ್ನು. ಮೊದಲು ಅವಳು ದಾಟಲಿ, ಅಷ್ಟರಲ್ಲಿ ಇವನೂ ಬರುತ್ತಾನೆ, ಈ ಇಳಿಜಾರು ಇಷ್ಟು ದಿನ ನಿಂತಿದೆ, ಇನ್ನೊಂದು ಗಳಿಗೆ ನಿಲ್ಲದೆ? "ಬೇಗ ಬಾ" ಎಂದ. ಮಗಳ ಹಿಂದೆ ಜಾರಿದ.

ತೊರೆಯ ತಿರುವಿನಲ್ಲಿ, ಬೆಟ್ಟದ ಮೂಗು ಅಡ್ಡ ಬರುವಲ್ಲಿ, ಇಬ್ಬರೂ ನಿಂತರು. ಪ್ರೆಬೆನ್ ಬರಲಿಲ್ಲ. ಯೋರುನ್ ಕೋಲಿಗೆ ಗದ್ದ ಊರಿ, "ಸುರುಳಿ ಕೆತ್ತೋಕೆ ಕೂತಿರ್ತಾನೆ. ಈ ಚಳಿಗಾಲ ಪೂರ್ತಿ ಅಡುಗೆಮನೇಲಿ ಕಲಿತಿದ್ದಾನೆ ಅಪ್ಪ, ನೆಲದ ತುಂಬಾ ಕಸ, ನಿನಗೆ ತೋರಿಸ್ಬೇಕು ಅಂತ" ಎಂದಳು.

ಓಸ್ಮುಂಡ್ ಸ್ಕೀ ತಿರುಗಿಸಿದ. ವಾಪಸ್ ಹೊರಟೇಬಿಟ್ಟಿದ್ದ. ಅಷ್ಟರಲ್ಲಿ ಮೇಲೆಲ್ಲೋ ಹಲಗೆ ಸೀಳಿದ ಹಾಗೆ ಒಂದು ಸದ್ದು, ಆಮೇಲೆ ಸದ್ದೆಂದು ಹೇಳಲಾಗದ, ಎದೆಗೇ ನೇರ ಗುದ್ದಿದ ಇನ್ನೊಂದು. ಗಾಳಿ ಮುಖಕ್ಕೆ ಬಡಿಯಿತು. ಹಿಮದ ಪುಡಿ ಇಬ್ಬರನ್ನೂ ಮುಚ್ಚಿತು, ಅದು ತಿಳಿಯಾದಾಗ ದೊಡ್ಡಿಯ ಜಾಗ ಒಂದು ಹೊಸ ಬಯಲಾಗಿತ್ತು.

ಊರಿನವರು ಉದ್ದನೆಯ ಕಬ್ಬಿಣದ ಸರಳುಗಳನ್ನು ಹಿಡಿದು ಬಂದರು. ಸಾಲಾಗಿ ನಿಂತು ಚುಚ್ಚುತ್ತ ಹೋದರು. ಮರುದಿನ ಸಿಕ್ಕಿತು. ಮನೆ ತೊರೆಯ ಆಚೆ ದಡಕ್ಕೆ ಹೋಗಿತ್ತು. ಓಸ್ಮುಂಡ್ ಕಚ್ಚಿಸಿದ ಮೂಲೆಗಳಲ್ಲಿ ಒಂದೂ ಬಿಟ್ಟುಕೊಂಡಿರಲಿಲ್ಲ. ಪೆಟ್ಟಿಗೆಯ ಹಾಗೆ ಇಡಿಯಾಗಿ ಹೋಗಿ, ಇಡಿಯಾಗಿ ಹಿಮ ತುಂಬಿಕೊಂಡು ಮಗ್ಗುಲಾಗಿ ಬಿದ್ದಿತ್ತು. ಪ್ರೆಬೆನ್ ತಗ್ಗಿನ ಮೊಗಸಾಲೆಯಲ್ಲಿದ್ದ. ಒಂದು ಕಾಲಿಗೆ ಸ್ಕೀ ಬೂಟು ಕಟ್ಟಿಕೊಂಡಿದ್ದ, ಇನ್ನೊಂದರ ದಾರ ಕೈಯಲ್ಲೇ ಇತ್ತು. "ಎಂಥಾ ಗಟ್ಟಿ ಕೆಲಸ, ನೋಡು" ಎಂದು ಯಾರೋ ಒಬ್ಬ ಬಾಯ್ತಪ್ಪಿ ಅಂದ. ಓಸ್ಮುಂಡ್ ಕೇಳಿಸಿಕೊಂಡ.

ಹಿಂದಿನ ದಿನ ಅಪ್ಪನ ಜೊತೆ ಕೆಳಗಿಳಿದಾಗ ಯೋರುನ್ ಮೊದಲು ಕಂಡದ್ದು ಗುನ್ವೋರ್ ಅಜ್ಜಿಯನ್ನು. ಅಜ್ಜಿ ತನ್ನ ಕಾಲ ಮೇಲೆ ತಾನು ನಿಂತು, ಹುಡುಕಲು ಹೋಗುವವರಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಯೋರುನ್ ಅಪ್ಪನ ಕಡೆ ತಿರುಗಿ "ಯಾಕೆ?" ಎಂದು ಒಂದೇ ಮಾತು ಕೇಳಿದಳು. ಅವನು ಹಿಮವನ್ನು ನೋಡುತ್ತ ನಿಂತ. ಮಣ್ಣಾದ ಮೇಲೆ ಅವಳು ಬರ್ಗೆನ್‌ಗೆ ಹೋದಳು. ಕಾಗದವಿಲ್ಲ, ಫೋನಿಲ್ಲ.

ಆ ಬೇಸಿಗೆ ಅವನೊಬ್ಬನೇ ದೊಡ್ಡಿಗೆ ಹೋದ. ಹುಲ್ಲು ಯಾವತ್ತಿನ ಹಾಗೇ ಹಸಿರಾಗಿತ್ತು, ಪಾಯದ ಕಲ್ಲು ಯಾವತ್ತಿನ ಹಾಗೇ ಕೂತಿತ್ತು. ತೊರೆ ದಾಟಿ ಹೋಗಿ ಮನೆಯನ್ನು ಬಿಚ್ಚಿದ. ಕಚ್ಚಿಕೊಂಡ ದಿಮ್ಮಿಗಳು ಬಿಡಲೊಲ್ಲವು, ಕೊಯ್ದೇ ಬಿಡಿಸಬೇಕಾಯಿತು. ಒಲೆ ಮಾತ್ರ ಕೆಡದೆ ಸಿಕ್ಕಿತು, ಅದರ ಬಾಯಿಗೆ ಚಿಲಕ ಹಾಕಿದ ಹಾಗೇ ಇತ್ತು. ತೆರೆಯಲಿಲ್ಲ. ಕುದುರೆಯ ಮೇಲೆ ಹೇರಿಸಿ ತಂದು ಸೌದೆಕೊಟ್ಟಿಗೆಯಲ್ಲಿಟ್ಟ. ಕೊಡಲಿಯನ್ನೂ ಅದರ ಪಕ್ಕದಲ್ಲೇ ಇಟ್ಟುಬಿಟ್ಟ. ಅರ್ಧ ಮಾಡಿದ್ದ ಮನೆಯೊಂದಕ್ಕೆ ಬೇರೆ ಬಡಗಿಯನ್ನು ಹುಡುಕಿಕೊಳ್ಳಿ ಎಂದು ಹೇಳಿಕಳುಹಿಸಿದ.

ಇನ್ನೊಂದು ಚಳಿಗಾಲ ಕಳೆದು ಎಲೆ ಹಳದಿಯಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಯೋರುನ್ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು.

"ಆವತ್ತು ಕೇಳಿದ್ದೆ. ಇವತ್ತಾದ್ರೂ ಹೇಳ್ತೀಯಾ?"

ಅವನು ಹೇಳಿದ. ಕೋಲು ನೆಡದೆ ಇದ್ದದ್ದು, ಛಾವಣಿಯ ಕಥೆ, ಬಾಯಿ ತೆರೆದದ್ದು, ಬಾಯಲ್ಲಿ ಬೇರೆ ಮಾತು ಬಂದದ್ದು, ಎಲ್ಲ. ನೆಪ ಸೇರಿಸಲಿಲ್ಲ. ಅವನು ಮುಗಿಸಿದ ಮೇಲೆ, "ಆ ಒಲೆ ಇದೆಯಂತಲ್ಲ" ಎಂದಳು.

ಇಬ್ಬರೂ ಕೊಟ್ಟಿಗೆಗೆ ಹೋದರು. ಚಿಲಕಕ್ಕೆ ತುಕ್ಕು ಹಿಡಿದಿತ್ತು, ಓಸ್ಮುಂಡ್ ಕೊಡಲಿಯ ಹಿಂಭಾಗದಿಂದ ತಟ್ಟಿ ಬಿಡಿಸಿದ. ಒಳಗೆಲ್ಲ ಕಲಸಿಹೋಗಿತ್ತು. ತೊಗಟೆ ಕೆಳಗಿತ್ತೋ ಮೇಲಿತ್ತೋ ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ತೊಗಟೆ ಇತ್ತು, ಸಿಗಿದ ಸೌದೆ ಇತ್ತು. ಸೌದೆಯ ನಡುವೆ ಹಿಡಿಯಷ್ಟು ಸುರುಳಿಕಡ್ಡಿ. ಒರಟು ಕೈಯ ಕೆಲಸ, ಕೆಲವು ದಪ್ಪ, ಕೆಲವು ತೆಳು, ಒಂದರಲ್ಲಿ ಚಾಕು ಜಾರಿದ ಗುರುತು. ಅಷ್ಟು ದೂರ ಉರುಳಿದ್ದರೂ ಸುರುಳಿಗಳು ಕಡ್ಡಿಗೆ ಅಂಟಿಕೊಂಡೇ ಇದ್ದವು.

ಯೋರುನ್ ಒಂದನ್ನು ತೆಗೆದು ಬೆಳಕಿಗೆ ಹಿಡಿದಳು. ತುಂಬಾ ಹೊತ್ತು ತಿರುಗಿಸಿ ನೋಡಿದಳು.

"ಇದೊಂದನ್ನ ಕೆತ್ತೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಪ್ಪ?"

"ನನಗಾದ್ರೆ ಏನೂ ಇಲ್ಲ" ಎಂದ ಓಸ್ಮುಂಡ್.

"ಅವನಿಗೆ?"

ಅವನು ಒಲೆಯೊಳಕ್ಕೆ ಕೈ ಹಾಕಿ ಉಳಿದ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಮಗಳ ಅಂಗೈ ಮೇಲೆ ಇಡುತ್ತ ಹೋದ. ಅವಳು ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟಳು. ಓಸ್ಮುಂಡ್ ಒಲೆಯ ಬಾಯಿ ಮುಚ್ಚಿ ಚಿಲಕ ಹಾಕಿದ.